ರಾಬರ್ಟ್ ಫ್ರಿಪ್ ಮತ್ತು ಅವರ ಗಿಟಾರ್: ಪದೇ ಪದೇ ಕೇಳುವ ಪ್ರಶ್ನೆಗಳು

ಯಾರು ಈ ಫ್ರಿಪ್? ಒಂದೇ ಉಸಿರಿನಲ್ಲಿ ಹೇಳಿ.

ಇಂಗ್ಲೆಂಡಿನ ಡಾರ್ಸೆಟ್ ಸೀಮೆಯ ವಿಂಬರ್ನ್ ಎಂಬ ಊರಿನಲ್ಲಿ 1946ರ ಮೇ 16ರಂದು ಹುಟ್ಟಿದ ಗಿಟಾರ್ ವಾದಕ, ಸಂಯೋಜಕ. ಕಿಂಗ್ ಕ್ರಿಮ್ಸನ್ ಎಂಬ ರಾಕ್ ಬ್ಯಾಂಡ್ 1969ರಿಂದ 2021ರ ತನಕ ತಾಳಿದ ಎಲ್ಲ ರೂಪಗಳಲ್ಲೂ ಇದ್ದವರು ಇವರೊಬ್ಬರೇ. ಹುಟ್ಟಿನಿಂದ ಎಡಚರು, ಗಿಟಾರ್ ನುಡಿಸುವುದು ಮಾತ್ರ ಬಲಗೈಯವರ ಹಾಗೆ. ಕಲಿಯಲು ಕೂತಾಗ ತನಗೆ ಸ್ವರವೂ ಹಿಡಿಯುತ್ತಿರಲಿಲ್ಲ, ಲಯವೂ ನಿಲ್ಲುತ್ತಿರಲಿಲ್ಲ ಎಂದು ಅವರೇ ಹಲವು ಸಲ ಹೇಳಿಕೊಂಡಿದ್ದಾರೆ. ಇದನ್ನು ಬರೀ ವಿನಯ ಅಂದುಕೊಳ್ಳಬೇಡಿ. ಟೇಪ್ ಲೂಪ್, ಹೊಸ ಶ್ರುತಿ, ಬಲಗೈಯ ಕಟ್ಟುನಿಟ್ಟಿನ ಸಾಧನೆ ಎಲ್ಲವೂ ಕೈಗೆ ಸಲೀಸಾಗಿ ಬಂದದ್ದನ್ನು ನಂಬದ ಒಬ್ಬ ಮನುಷ್ಯ ತನಗಾಗಿ ಕಟ್ಟಿಕೊಂಡ ಏರ್ಪಾಡುಗಳು. ಕೆಳಗಿನ ಉತ್ತರಗಳನ್ನು ಓದುವಾಗ ಈ ಮಾತು ನೆನಪಿರಲಿ.

ಕಿಂಗ್ ಕ್ರಿಮ್ಸನ್ ಎಷ್ಟು ಸಲ ಮುರಿದು ಕಟ್ಟಿದ ಬ್ಯಾಂಡ್?

ಸದಸ್ಯರ ಬದಲಾವಣೆಯನ್ನೆಲ್ಲ ಲೆಕ್ಕ ಹಿಡಿದರೆ ಸುಸ್ತಾಗುತ್ತದೆ. ಕೇಳುಗರಿಗೆ ಬೇಕಾದ ಘಟ್ಟಗಳು ಇಷ್ಟು.

1969ರ ಜನವರಿ 13ರಂದು ಲಂಡನ್ನಿನ ಫುಲಮ್‌ನ ಒಂದು ಕೆಫೆಯ ನೆಲಮಾಳಿಗೆಯಲ್ಲಿ ಅಭ್ಯಾಸ ಶುರುವಾಯಿತು. ಜುಲೈ 5ಕ್ಕೆ ಹೈಡ್ ಪಾರ್ಕಿನಲ್ಲಿ ರೋಲಿಂಗ್ ಸ್ಟೋನ್ಸ್ ಕಾರ್ಯಕ್ರಮಕ್ಕೆ ಮೊದಲು ನುಡಿಸಿದರು, ಅಕ್ಟೋಬರಿನಲ್ಲಿ ಮೊದಲ ಆಲ್ಬಂ ಬಂತು. ವರ್ಷ ಮುಗಿಯುವ ಮೊದಲೇ, ಅಮೆರಿಕ ಪ್ರವಾಸದಲ್ಲಿ, ಸದಸ್ಯರಾದ ಇಯನ್ ಮೆಕ್‌ಡೊನಾಲ್ಡ್ ಮತ್ತು ಮೈಕೆಲ್ ಜೈಲ್ಸ್ ಬ್ಯಾಂಡ್ ಬಿಡುವುದಾಗಿ ತಿಳಿಸಿದರು. 'ಬೇಕಾದರೆ ನಾನೇ ಹೋಗುತ್ತೇನೆ, ನೀವು ಇರಿ' ಎಂದು ಫ್ರಿಪ್ ಹೇಳಿದ್ದೂ ಉಂಟು. ಅದು ಫಲಿಸಲಿಲ್ಲ.

1972ರಿಂದ 74ರ ತಂಡದಲ್ಲಿ ಜಾನ್ ವೆಟನ್, ಬಿಲ್ ಬ್ರೂಫರ್ಡ್, ಡೇವಿಡ್ ಕ್ರಾಸ್ ಇದ್ದರು. ತಾಳವಾದ್ಯಕ್ಕೆ ಕೆಲಕಾಲ ಜೇಮಿ ಮ್ಯೂರ್. 'ರೆಡ್' ಆಲ್ಬಂ ಅಂಗಡಿಗೆ ಬರುವ ಮೊದಲೇ, 1974ರ ಸೆಪ್ಟೆಂಬರಿನಲ್ಲಿ, ಫ್ರಿಪ್ ಬ್ಯಾಂಡ್ ಮುಚ್ಚಿದರು. ಮರುವರ್ಷ ಆಧ್ಯಾತ್ಮಿಕ ಗುರು ಜೆ. ಜಿ. ಬೆನೆಟ್ ಸ್ಥಾಪಿಸಿದ್ದ ಶೆರ್ಬೋರ್ನ್ ಹೌಸ್‌ನ ವಸತಿ ಶಿಕ್ಷಣಕ್ಕೆ ಸೇರಿ ಹತ್ತು ತಿಂಗಳು ಅಲ್ಲಿದ್ದರು. ಬೆಳೆಯುತ್ತಿದ್ದ ವೃತ್ತಿಯನ್ನು ಹಾಗೆ ಮಧ್ಯದಲ್ಲಿ ಕಟ್ಟಿಟ್ಟವರು ರಾಕ್ ಸಂಗೀತದಲ್ಲಿ ಅಪರೂಪ.

1981ರಿಂದ 84ರಲ್ಲಿ ಏಡ್ರಿಯನ್ ಬೆಲ್ಯೂ, ಟೋನಿ ಲೆವಿನ್, ಬ್ರೂಫರ್ಡ್ ಜೊತೆ ಪೂರ್ತಿ ಬೇರೆಯೇ ಭಾಷೆ. 1990ರ ದಶಕದಲ್ಲಿ ಆರು ಜನರ 'ಡಬಲ್ ಟ್ರಿಯೋ'. 2014ರಿಂದ ವೇದಿಕೆಯ ಮುಂಸಾಲಿನಲ್ಲಿ ಮೂವರು ಡ್ರಮ್ಮರ್‌ಗಳು, ಉಳಿದವರು ಹಿಂದೆ. 2021ರ ಡಿಸೆಂಬರ್ 8ರಂದು ಟೋಕಿಯೊದಲ್ಲಿ ಕೊನೆಯ ಕಾರ್ಯಕ್ರಮ.

ಕುರ್ಚಿಯ ಮೇಲೆ ಕೂತೇ ಯಾಕೆ ನುಡಿಸುತ್ತಾರೆ?

1969ರಲ್ಲೇ ಸ್ಟೂಲ್ ಹಿಡಿದವರು ಕಿಂಗ್ ಕ್ರಿಮ್ಸನ್ ವೇದಿಕೆಯಲ್ಲಿ ಮತ್ತೆ ಏಳಲಿಲ್ಲ. ಕಾರಣ ಸರಳ: ನಿಂತರೆ ಗಿಟಾರಿನ ಭಾರ ಭುಜಕ್ಕೆ ಬೀಳುತ್ತದೆ, ಕುತ್ತಿಗೆಯ ಪಟ್ಟಿ ಕೆಳಗಿಳಿದಷ್ಟೂ ಎರಡೂ ಮಣಿಕಟ್ಟು ಬಾಗುತ್ತದೆ. ಅವರ ಸಂಗೀತದಲ್ಲಿ ಬಲಗೈಗೆ ನಿಮಿಷಗಟ್ಟಲೆ ಬಿಡುವಿಲ್ಲದ ಕೆಲಸ. ಜೊತೆಗೆ ಎರಡೂ ಪಾದಗಳು ಪೆಡಲ್‌ಗಳಿಗೆ ಬೇಕು.

ಫ್ರಿಪರ್ಟ್ರಾನಿಕ್ಸ್ ಅಂದರೇನು? ಅದನ್ನು ಕಂಡುಹಿಡಿದವರು ಅವರೇನಾ?

ನುಡಿಸಿದ ಸ್ವರ ಕೆಲವು ಸೆಕೆಂಡಿನ ಮೇಲೆ ಟೇಪಿನಿಂದ ಮರಳಿ ಬಂದು ಹೊಸ ಸ್ವರದ ಜೊತೆ ಪದರವಾಗುತ್ತಾ ಹೋಗುವ ಏರ್ಪಾಡು. ಕಂಡುಹಿಡಿದವರು ಅವರಲ್ಲ. ಎರಡು ಟೇಪ್ ರೆಕಾರ್ಡರುಗಳ ನಡುವೆ ಒಂದೇ ಟೇಪ್ ಹಾಯಿಸುವ ಉಪಾಯವನ್ನು ಸಂಯೋಜಕರಾದ ಟೆರಿ ರೈಲಿ, ಪಾಲಿನ್ ಒಲಿವೆರೋಸ್ 1960ರ ದಶಕದಲ್ಲೇ ಬಳಸಿದ್ದರು. ಫ್ರಿಪ್‌ಗೆ ಅದನ್ನು ತೋರಿಸಿದವರು ಸಂಗೀತಗಾರ ಬ್ರಯನ್ ಈನೋ, 1972ರ ಸೆಪ್ಟೆಂಬರಿನಲ್ಲಿ, ತಮ್ಮ ಮನೆಯ ಸ್ಟುಡಿಯೋದಲ್ಲಿ. ಆ ದಿನದ ಧ್ವನಿಮುದ್ರಣವೇ 1973ರ 'ನೋ ಪುಸಿಫುಟಿಂಗ್' ಆಲ್ಬಮ್ಮಿನ ಮೊದಲ ಮಗ್ಗುಲು. ಫ್ರಿಪರ್ಟ್ರಾನಿಕ್ಸ್ ಎಂಬ ಹೆಸರು ಆಮೇಲಿನದು, ಕವಯಿತ್ರಿ ಜೊಆನಾ ವಾಲ್ಟನ್ ಇಟ್ಟದ್ದು. ಫ್ರಿಪ್ ಮಾಡಿದ ಕೆಲಸವೆಂದರೆ ಸ್ಟುಡಿಯೋದ ಆ ಉಪಾಯವನ್ನು ಒಬ್ಬನೇ ಹೊತ್ತು ತಿರುಗಬಹುದಾದ ಕಛೇರಿಯಾಗಿಸಿದ್ದು. 1979ರಲ್ಲಿ ಎರಡು ಯಂತ್ರ, ಒಂದು ಗಿಟಾರ್ ಇಟ್ಟುಕೊಂಡು ರೆಕಾರ್ಡ್ ಅಂಗಡಿ, ಹೋಟೆಲುಗಳಂಥ ಸಣ್ಣ ಜಾಗಗಳಲ್ಲಿ ಊರೂರು ನುಡಿಸಿದರು.

ನಾವೇ ಆ ಏರ್ಪಾಡು ಕಟ್ಟುವುದು ಹೇಗೆ?

ಫ್ರಿಪ್ ಬಳಸಿದ್ದು ಎರಡು ರೆವಾಕ್ಸ್ ಎ77. ಒಂದೇ ವೇಗದ, ಕಾಲಿಂಚು ಟೇಪಿನ ಯಾವ ಎರಡು ಸ್ಪೂಲ್ ಯಂತ್ರಗಳಾದರೂ ಆದೀತು. ಜೊತೆಗೆ ಎರಡು ಒಳದಾರಿಯ ಮಿಕ್ಸರ್, ವಾಲ್ಯೂಮ್ ಪೆಡಲ್, ಸದ್ದನ್ನು ಒರಟಾಗಿಸುವ ಫಜ್ ಪೆಡಲ್.

1. ಎರಡು ಯಂತ್ರಗಳನ್ನು ಅಕ್ಕಪಕ್ಕ ಇಡಿ. ಟೇಪ್ ಹಾಯುವ ದಾರಿ ಒಂದೇ ಮಟ್ಟದಲ್ಲಿ, ಒಂದೇ ಸಮತಲದಲ್ಲಿ ಇರಬೇಕು. ಒಂದೆರಡು ಮಿಲಿಮೀಟರ್ ಏರುಪೇರಾದರೂ ಟೇಪಿನ ಅಂಚು ಮಡಚುತ್ತದೆ, ಒಂದು ಚಾನೆಲ್ ಮಂಕಾಗುತ್ತದೆ.
2. ತುಂಬಿದ ಸ್ಪೂಲ್ ಎಡ ಯಂತ್ರದ ಎಡಬದಿಗೆ. ಟೇಪ್ ಅದರ ಹೆಡ್‌ಗಳನ್ನು (ಟೇಪಿಗೆ ಸದ್ದು ಬರೆಯುವ, ಓದುವ ಭಾಗಗಳನ್ನು) ದಾಟಿ, ಅದರ ಬಲಬದಿಯನ್ನು ಖಾಲಿ ಬಿಟ್ಟು, ನೇರವಾಗಿ ಬಲ ಯಂತ್ರದ ಹೆಡ್‌ಗಳ ಮೇಲೆ ಹಾಯ್ದು ಅದರ ಬಲಬದಿಯ ಖಾಲಿ ಸ್ಪೂಲಿಗೆ ಸುತ್ತಿಕೊಳ್ಳಬೇಕು.
3. ಎಡ ಯಂತ್ರ ರೆಕಾರ್ಡ್‌ನಲ್ಲಿ, ಬಲ ಯಂತ್ರ ಪ್ಲೇನಲ್ಲಿ. ಇಬ್ಬರು ಒಟ್ಟಿಗೆ ಗುಂಡಿ ಒತ್ತಿದರೆ ಒಳ್ಳೆಯದು.
4. ಗಿಟಾರ್ ಫಜ್ ಮತ್ತು ವಾಲ್ಯೂಮ್ ಪೆಡಲ್ ದಾಟಿ ಮಿಕ್ಸರಿಗೆ, ಅಲ್ಲಿಂದ ಎಡ ಯಂತ್ರಕ್ಕೆ. ಬಲ ಯಂತ್ರದ ಸದ್ದು ಸ್ಪೀಕರಿಗೂ ಹೋಗಬೇಕು, ಮಿಕ್ಸರಿನ ಎರಡನೇ ದಾರಿಯಿಂದ ಎಡ ಯಂತ್ರಕ್ಕೂ ಮರಳಬೇಕು. ಈ ಮರಳುವ ಸದ್ದಿನ ಮಟ್ಟವನ್ನು ಆಳುವ ಫೇಡರೇ ಇಡೀ ವಾದ್ಯದ ಕೀಲಿ.

ಪುನರಾವರ್ತನೆಯ ಅವಧಿಗೆ ಲೆಕ್ಕ ಸುಲಭ: ಎಡ ಯಂತ್ರದ ರೆಕಾರ್ಡ್ ಹೆಡ್‌ನಿಂದ ಬಲ ಯಂತ್ರದ ಪ್ಲೇ ಹೆಡ್‌ವರೆಗಿನ ಟೇಪಿನ ಉದ್ದವನ್ನು ವೇಗದಿಂದ ಭಾಗಿಸಿ. ಸೆಕೆಂಡಿಗೆ 19 ಸೆಂಟಿಮೀಟರ್ ವೇಗದಲ್ಲಿ ಒಂದು ಮೀಟರ್ ಅಂತರಕ್ಕೆ ಸುಮಾರು 5.3 ಸೆಕೆಂಡು. ಅರ್ಧ ವೇಗಕ್ಕೆ ಇಳಿಸಿದರೆ 10.5 ಸೆಕೆಂಡು ಸಿಗುತ್ತದೆ, ಆದರೆ ತಾರಸ್ವರದ ಹೊಳಪು ಕಡಿಮೆಯಾಗುತ್ತದೆ.

ಕಟ್ಟಿದೆವು, ಕೆಲಸ ಮಾಡುತ್ತಿಲ್ಲ. ಎಲ್ಲಿ ತಪ್ಪಿತು?

*ನಡುವೆ ಟೇಪ್ ಜೋಲು ಬೀಳುತ್ತಿದೆ.* ಬಲ ಯಂತ್ರ ಕೂದಲೆಳೆಯಷ್ಟು ನಿಧಾನ ಓಡುತ್ತಿದೆ. ಒಂದೇ ಸ್ವರ ತುಂಬಿದ ಟೇಪನ್ನು ಎರಡರಲ್ಲೂ ಹಾಕಿ ಕೇಳಿ. ಶ್ರುತಿ ಮೇಲಿರುವ ಯಂತ್ರ ವೇಗದ್ದು, ಅದು ಬಲಕ್ಕಿರಲಿ. ಟೇಪಿನಲ್ಲಿ ತುಸು ಎಳೆತವಿದ್ದರೆ ನಡೆಯುತ್ತದೆ, ಜೋಲಂತೂ ನಡೆಯದು. ಎಳೆತ ಅತಿಯಾದರೆ ಶ್ರುತಿ ತೇಲಾಡಲು ಶುರುವಾಗುತ್ತದೆ.

*ಯಂತ್ರ ತಾನಾಗಿ ನಿಲ್ಲುತ್ತಿದೆ.* ಎ77ರಲ್ಲಿ ಟೇಪ್ ಮುಗಿದದ್ದನ್ನು ಬೆಳಕಿನಿಂದ ಗುರುತಿಸುವ ಕಣ್ಣೊಂದಿದೆ. ಟೇಪ್ ಅದನ್ನು ಮುಚ್ಚಿಕೊಂಡು ಹಾಯದಿದ್ದರೆ ಯಂತ್ರ ನಿಂತುಬಿಡುತ್ತದೆ.

*ಸದ್ದು ಬೆಳೆದು ಬೆಳೆದು ಅಬ್ಬರವಾಗುತ್ತಿದೆ.* ಮರಳುವ ಸದ್ದು ಹೋದದ್ದಕ್ಕಿಂತ ದೊಡ್ಡದಾಗಿದೆ. ಪ್ರತಿ ಸುತ್ತಿನಲ್ಲೂ 3 ಡೆಸಿಬೆಲ್ ಇಳಿಯುವಂತೆ ಫೇಡರ್ ಇಡಿ. ಹತ್ತು ಸುತ್ತಿನಲ್ಲಿ 30 ಡೆಸಿಬೆಲ್ ಇಳಿದು ಹಳೆಯದು ಹಿನ್ನೆಲೆಗೆ ಸರಿಯುತ್ತದೆ.

*ಸುಯ್ಯೆಂಬ ಸದ್ದು ತುಂಬಿಕೊಳ್ಳುತ್ತಿದೆ.* ಪ್ರತಿ ಸುತ್ತೂ ಟೇಪಿನ ಸ್ವಂತ ಸದ್ದನ್ನು ಸೇರಿಸುತ್ತದೆ, ಮೇಲಿನ ಕಂಪನಗಳನ್ನು ಸವೆಸುತ್ತದೆ. ಗಿಟಾರನ್ನು ವಿಕೃತಿಯ ಅಂಚಿನವರೆಗೆ ಗಟ್ಟಿಯಾಗಿ ರೆಕಾರ್ಡ್ ಮಾಡಿ. ಉಳಿದದ್ದನ್ನು ಸಹಿಸಿಕೊಳ್ಳಿ, ಆ ಸವೆತದಲ್ಲೇ ಈ ಸಂಗೀತದ ಮಾರ್ದವವಿದೆ.

*ಎಲ್ಲ ಸರಿಯಿದೆ, ಸಂಗೀತ ಮಾತ್ರ ಗಲೀಜು.* ಇದೇ ನಿಜವಾದ ತೊಂದರೆ, ಬಹುತೇಕರು ಬೀಳುವ ಹಳ್ಳ. ಸ್ವರಗಳು ಹೆಚ್ಚಾಗಿವೆ. ಪ್ರತಿ ಸ್ವರವನ್ನೂ ವಾಲ್ಯೂಮ್ ಪೆಡಲ್‌ನಿಂದ ಸೊನ್ನೆಯಿಂದ ಏರಿಸಿ. ಮೀಟಿದ ಏಟು ಕೇಳಿಸಿತೋ, ಐದು ಸೆಕೆಂಡಿಗೊಮ್ಮೆ ಅದು ಗಡಿಯಾರದಂತೆ ತಟ್ಟುತ್ತಲೇ ಇರುತ್ತದೆ. ಮೊದಲ ಮೂರು ಸುತ್ತಿಗೆ ಒಂದೇ ಸ್ವರ ಸಾಕು, ಆಮೇಲೆ ಅದರ ಪಂಚಮ, ಆಮೇಲೆ ಮಾತ್ರ ಮೂರನೆಯದು. ತಪ್ಪಿದ ಸ್ವರವನ್ನು ಅಳಿಸಲಾಗದು. ಅದು ಮರಳಿ ಬರುವಷ್ಟರಲ್ಲಿ ಅದಕ್ಕೆ ಜೊತೆಯಾಗುವ ಇನ್ನೊಂದು ಸ್ವರ ಹುಡುಕಬೇಕು.

ಟೇಪ್ ಯಂತ್ರ ಎಲ್ಲಿಂದ ತರೋಣ? ನುಡಿಸಿದ್ದನ್ನು ಹಿಡಿದು ಮತ್ತೆ ಮತ್ತೆ ಕೇಳಿಸುವ ಲೂಪರ್ ಪೆಡಲ್ ಸಾಲದೇ?

ಸಾಕು, ಒಂದು ಷರತ್ತಿನ ಮೇಲೆ: ಫೀಡ್‌ಬ್ಯಾಕ್ ಪ್ರಮಾಣ, ಅಂದರೆ ಪ್ರತಿ ಸುತ್ತಿನಲ್ಲಿ ಮರಳುವ ಸದ್ದಿನ ಪಾಲು, ಬದಲಿಸಲು ಬರಬೇಕು. ಅಗ್ಗದ ಲೂಪರ್‌ಗಳು ಹಳೆಯ ಪದರವನ್ನು ನೂರಕ್ಕೆ ನೂರು ಉಳಿಸಿಕೊಳ್ಳುತ್ತವೆ, ಹತ್ತು ಪದರವಾಗುವಷ್ಟರಲ್ಲಿ ಗೋಡೆ ಎದ್ದಿರುತ್ತದೆ. ಶೇ. 80ಕ್ಕೆ ಇಟ್ಟರೆ ಮೂರು ಸುತ್ತಿನಲ್ಲಿ ಸದ್ದಿನ ಮಟ್ಟ ಅರ್ಧ, ಶೇ. 90ಕ್ಕೆ ಏಳು ಸುತ್ತು, ಶೇ. 95ಕ್ಕೆ ಹದಿನಾಲ್ಕು. ಲೂಪಿನೊಳಗೆ ಫಿಲ್ಟರ್ ಇಡಲು ಸಾಧ್ಯವಿದ್ದರೆ 5 ಕಿಲೋಹರ್ಟ್ಜ್ ಮೇಲಿನದನ್ನು ನಯವಾಗಿ ಕತ್ತರಿಸಿ. ಫ್ರಿಪ್ ಕೂಡ 1990ರ ದಶಕದಲ್ಲಿ ಡಿಜಿಟಲ್ ಡಿಲೇಗಳಿಗೆ ಬಂದು ಅದನ್ನು ಸೌಂಡ್‌ಸ್ಕೇಪ್ಸ್ ಎಂದು ಕರೆದರು. ಒಂದಕ್ಕಿಂತ ಹೆಚ್ಚು ಡಿಲೇ, ಬೇರೆ ಬೇರೆ ಅವಧಿ: ಆಗ ಒಂದೇ ಜೋಡಣೆ ಮತ್ತೆ ಮತ್ತೆ ಬರುವುದು ತಪ್ಪುತ್ತದೆ.

ಗಾಯಕ ಡೇವಿಡ್ ಬೋವಿಯ 'ಹೀರೋಸ್' ಹಾಡಿನ ಆ ನಿಲ್ಲದ ಸ್ವರ ಹೇಗೆ ಬಂತು?

1977ರಲ್ಲಿ ಬರ್ಲಿನ್ನಿನ ಹಾನ್ಸಾ ಸ್ಟುಡಿಯೋದಲ್ಲಿ. ಸಂಗೀತ ಬಿಟ್ಟಂತೆಯೇ ಇದ್ದ ಫ್ರಿಪ್‌ರನ್ನು ಕರೆಸಿ ನುಡಿಸಿದ್ದು. ಅದು ಆಂಪ್ಲಿಫಯರ್ ಫೀಡ್‌ಬ್ಯಾಕ್, ಅಂದರೆ ಸ್ಪೀಕರಿನ ಸದ್ದು ಮತ್ತೆ ಗಿಟಾರಿನ ತಂತಿಯನ್ನೇ ಅಲುಗಿಸಿ ಸ್ವರವನ್ನು ಉಳಿಸುವುದು. ಅದರ ಮೇಲೆ ಈನೋ ತಮ್ಮ ಸಿಂಥಸೈಜರಿನಿಂದ ಸದ್ದನ್ನು ತಿರುಚಿದರು. ಮೂರು ಸಲ ನುಡಿಸಿದ್ದನ್ನು ನಿರ್ಮಾಪಕ ಟೋನಿ ವಿಸ್ಕಾಂಟಿ ಒಟ್ಟಿಗೆ ಬೆರೆಸಿದರು. ಯಾವ ಸ್ವರ ಸ್ಪೀಕರಿನಿಂದ ಎಷ್ಟು ದೂರದಲ್ಲಿ ಹಿಡಿಯುತ್ತದೆ ಎಂದು ಅಳೆದು ನೆಲದ ಮೇಲೆ ಗುರುತು ಮಾಡಿಕೊಂಡಿದ್ದರೆಂದು ವಿಸ್ಕಾಂಟಿ ವಿವರಿಸಿದ್ದಾರೆ.

ನೀವೂ ಅಳೆಯಬಹುದು. ಸ್ಪೀಕರಿನ ಅಲೆ ತಂತಿಯ ಕಂಪನಕ್ಕೆ ಹೊಂದಿ ಬಂದು ತಟ್ಟಿದರೆ ಸ್ವರ ಬೆಳೆಯುತ್ತದೆ, ಎದುರಾಗಿ ತಟ್ಟಿದರೆ ಸಾಯುತ್ತದೆ. 440 ಹರ್ಟ್ಜ್ ಸ್ವರದ ಅಲೆಯುದ್ದ ಗಾಳಿಯಲ್ಲಿ ಸುಮಾರು 78 ಸೆಂಟಿಮೀಟರ್, ಆದ್ದರಿಂದ 39 ಸೆಂಟಿಮೀಟರ್ ಸರಿದರೆ ಆಟವೇ ತಲೆಕೆಳಗು. ಆಂಪ್ಲಿಫಯರಿನ ಗೇನ್ (ಸದ್ದು ಹಿಗ್ಗಿಸುವ ಮಟ್ಟ) ಏರಿಸಿ, ಸ್ವರ ಹಿಡಿದು, ಸ್ಪೀಕರಿಗೆ ಮುಖಮಾಡಿ ಅಂಗುಲ ಅಂಗುಲವಾಗಿ ಹಿಂದೆ ಸರಿಯಿರಿ. ಸ್ವರ ತಾನಾಗಿ ಅರಳಿದ ಕಡೆ ಪಟ್ಟಿ ಅಂಟಿಸಿ. ಗೇನ್ ಅಥವಾ ಆಂಪ್ಲಿಫಯರ್ ಜಾಗ ಬದಲಾದರೆ ಗುರುತುಗಳೆಲ್ಲ ವ್ಯರ್ಥ. ಸ್ವರದ ಬದಲು ಕೀರಲು ಬಂದರೆ ಅದು ತಂತಿಯದಲ್ಲ, ಪಿಕಪ್ಪಿನ (ತಂತಿಯ ಕಂಪನ ಹಿಡಿಯುವ ಭಾಗದ) ಸುರುಳಿ ಅಲುಗುತ್ತಿರುವುದು. ಎಷ್ಟು ಸರಿದರೂ ಹೋಗುವುದಿಲ್ಲ. ಕಿವಿಗೆ ರಕ್ಷಣೆ ಇಲ್ಲದೆ ಈ ಪ್ರಯೋಗಕ್ಕೆ ಇಳಿಯಬೇಡಿ.

'ನ್ಯೂ ಸ್ಟಾಂಡರ್ಡ್ ಟ್ಯೂನಿಂಗ್' ಏನು? ಹಳೆಯದಕ್ಕೇನು ಕೊರತೆ?

ದಪ್ಪ ತಂತಿಯಿಂದ ಸಣ್ಣದಕ್ಕೆ: ಸಿ, ಜಿ, ಡಿ, ಎ, ಇ, ಜಿ. ಮೊದಲ ಐದು ತಂತಿಗಳ ನಡುವೆ ಸ–ಪ ಅಂತರ, ಅಂದರೆ ಚೆಲ್ಲೊ, ಪಿಟೀಲುಗಳ ಪಾಶ್ಚಾತ್ಯ ಶ್ರುತಿಯ ಕ್ರಮ. ಕೊನೆಯ ಎರಡರ ನಡುವೆ ಮಾತ್ರ ಮೂರು ಅರ್ಧಸ್ವರ. 1983ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಒಂದು ಹಬೆಕೋಣೆಯಲ್ಲಿ ಕೂತಿದ್ದಾಗ ಹೊಳೆದದ್ದಂತೆ. ಮೇಲಿನ ತಂತಿಯೂ ಪಂಚಮಕ್ಕೆ, ಅಂದರೆ ಬಿ ಸ್ವರಕ್ಕೆ, ಏರಬೇಕೆಂಬುದು ಮೂಲ ಆಸೆ. ತಂತಿ ಹರಿಯಿತು, ಜಿ ಗೆ ಇಳಿಸಿಕೊಂಡರು. ಸಣ್ಣ ತಂತಿ ಹಾಕಿದರೆ ಉಳಿದೀತೆ? ಇಲ್ಲ. ಉಕ್ಕಿನ ತಂತಿ ಯಾವ ಶ್ರುತಿಯಲ್ಲಿ ಹರಿಯುತ್ತದೆ ಎಂಬುದನ್ನು ನಿರ್ಧರಿಸುವುದು ಅದರ ಉದ್ದ. ದಪ್ಪಕ್ಕೆ ಅದರಲ್ಲಿ ಪಾತ್ರ ಬಹಳ ಕಡಿಮೆ.

ಕೊರತೆ ಶ್ರುತಿಯಲ್ಲಿಲ್ಲ, ಕೈಯಲ್ಲಿದೆ. ವರ್ಷಗಟ್ಟಲೆ ನುಡಿಸಿದ ಬೆರಳು ಯೋಚಿಸುವ ಮೊದಲೇ ಹಳೆಯ ಜಾಡಿಗೆ ಬೀಳುತ್ತದೆ. ಶ್ರುತಿ ಬದಲಾದರೆ ಪಳಗಿದವನೂ ಹೊಸಬನೂ ಒಂದೇ ಮಣೆಯ ಮೇಲೆ. 1985ರಲ್ಲಿ ಅಮೆರಿಕದ ವೆಸ್ಟ್ ವರ್ಜೀನಿಯಾದ ಕ್ಲೇಮಾಂಟ್ ಕೋರ್ಟ್‌ನಲ್ಲಿ ಫ್ರಿಪ್ ಶುರುಮಾಡಿದ ಗಿಟಾರ್ ಕ್ರಾಫ್ಟ್ ಶಿಬಿರಗಳಲ್ಲಿ ಎಲ್ಲರಿಗೂ ಇದೇ ಶ್ರುತಿಯಾಯಿತು. ಕ್ಯಾಲಿಫೋರ್ನಿಯಾ ಗಿಟಾರ್ ಟ್ರಿಯೋ ಆ ಗರಡಿಯಿಂದ ಬಂದದ್ದು.

ನನ್ನ ಗಿಟಾರಿಗೆ ಆ ಶ್ರುತಿ ಹಾಕಬಹುದೇ?

ಇರುವ ತಂತಿಗಳಿಗೇ ಹಾಕಬೇಡಿ. ಸಾಮಾನ್ಯ ಶ್ರುತಿಯಿಂದ ಆರನೇ ತಂತಿ 4 ಅರ್ಧಸ್ವರ, ಐದನೆಯದು 2 ಇಳಿಯುತ್ತದೆ. ನಾಲ್ಕನೆಯದು ಇದ್ದಲ್ಲೇ. ಮೂರನೆಯದು 2, ಎರಡನೆಯದು 5, ಒಂದನೆಯದು 3 ಏರುತ್ತದೆ. ಎಳೆತ ಕಂಪನದ ವರ್ಗಕ್ಕೆ ಅನುಗುಣ: ಎರಡನೇ ತಂತಿಯ ಎಳೆತ 1.78 ಪಟ್ಟು, ಒಂದನೆಯದರದು 1.41 ಪಟ್ಟು. ಒಂದನೆಯದು ಹರಿಯಬಹುದು, ಎರಡನೆಯದು ಹರಿಯದಿದ್ದರೂ ಬ್ರಿಡ್ಜನ್ನು ಬಲವಾಗಿ ಎಳೆಯುತ್ತದೆ. ಆರನೆಯದು ಹಗ್ಗದಂತೆ ಜೋತು ಫ್ರೆಟ್‌ಗಳಿಗೆ ಬಡಿಯುತ್ತದೆ.

ಅಕೌಸ್ಟಿಕ್ ಗಿಟಾರಿಗೆ ಹೊಂದುವ ದಪ್ಪ, ಇಂಚಿನ ಸಾವಿರಾಂಶಗಳಲ್ಲಿ, ಒಂದರಿಂದ ಆರರವರೆಗೆ: 11, 13, 22, 32, 47, 59. ಇಷ್ಟಾದರೂ ಆರನೆಯದು ತುಸು ಸಡಿಲವೇ. ಅದು ನಟ್‌ನ (ಗಿಟಾರಿನ ಕುತ್ತಿಗೆಯ ತುದಿಯಲ್ಲಿ ತಂತಿಗಳು ಕೂರುವ ಪಟ್ಟಿಯ) ಸೀಳಿನಲ್ಲಿ ಕೂರದೆ ಮೇಲೆ ನಿಂತರೆ ಸೀಳನ್ನು ಸಣ್ಣ ಅರದಿಂದ ಅಗಲಿಸಬೇಕು, ಆಳ ಮಾಡಬೇಡಿ.

ಟ್ಯೂನರ್ ಇಲ್ಲದೆ ಸರಿನೋಡಲು: ಆರನೇ ತಂತಿಯ 7ನೇ ಫ್ರೆಟ್ ಐದನೇ ತಂತಿಯ ತೆರೆದ ಸ್ವರಕ್ಕೆ ಸಮ. ಐದಕ್ಕೂ ನಾಲ್ಕಕ್ಕೂ, ನಾಲ್ಕಕ್ಕೂ ಮೂರಕ್ಕೂ, ಮೂರಕ್ಕೂ ಎರಡಕ್ಕೂ ಇದೇ ಲೆಕ್ಕ. ಎರಡನೆಯದರ 3ನೇ ಫ್ರೆಟ್ ಒಂದನೆಯದಕ್ಕೆ ಸಮ. ಎಲ್ಲವನ್ನೂ ಮುಟ್ಟಿಸಿದ ಮೇಲೆ ಮತ್ತೆ ಮೊದಲಿನಿಂದ ನೋಡಿ, ಗಿಟಾರಿನ ಕುತ್ತಿಗೆ ಹೊಸ ಎಳೆತಕ್ಕೆ ಒಗ್ಗುವಷ್ಟರಲ್ಲಿ ಎರಡು ಮೂರು ಸುತ್ತು ಬೇಕಾಗುತ್ತದೆ. ಹಳೆಯ ಕಾರ್ಡ್ ಹಿಡಿತಗಳು ಒಂದೂ ನಡೆಯುವುದಿಲ್ಲ; ಕೆಳಗಿನ ತಂತಿಗಳಲ್ಲಿ ಒತ್ತೊತ್ತಾದ ಕಾರ್ಡ್‌ಗಳಿಗೆ ಬೆರಳು ಚಾಚುವುದು ಕಷ್ಟ, ಹರಡಿದ ಕಾರ್ಡ್‌ಗಳು ಮಾತ್ರ ಗಂಟೆಯಂತೆ ನುಡಿಯುತ್ತವೆ.

'ಫ್ರ್ಯಾಕ್ಚರ್' ಯಾಕೆ ಅಷ್ಟು ಕಷ್ಟ?

ಇದು ಕಿಂಗ್ ಕ್ರಿಮ್ಸನ್ನಿನ ಕೃತಿ, 1973ರ ನವೆಂಬರ್ 23ರಂದು ಆಮ್‌ಸ್ಟರ್‌ಡ್ಯಾಮಿನ ಕಾನ್ಸರ್ಟ್‌ಗೆಬೌ ಸಭಾಂಗಣದಲ್ಲಿ ನೇರವಾಗಿ ಮುದ್ರಿಸಿದ್ದು; ಚಪ್ಪಾಳೆ ಅಳಿಸಿ 'ಸ್ಟಾರ್‌ಲೆಸ್ ಆಂಡ್ ಬೈಬಲ್ ಬ್ಲ್ಯಾಕ್' ಆಲ್ಬಮ್ಮಿಗೆ ಸೇರಿಸಿದರು. ಹನ್ನೊಂದು ನಿಮಿಷದ ಕೃತಿಯ ನಡುವೆ ಉಸಿರುಗೊಡದ ಸ್ವರಧಾರೆಯೊಂದು ಬರುತ್ತದೆ. ಒಂದೊಂದು ಸ್ವರ ಒಂದೊಂದು ತಂತಿಯ ಮೇಲೆ, ಪಿಕ್ ಮಾತ್ರ ಕಟ್ಟುನಿಟ್ಟಾಗಿ ಕೆಳಗೆ–ಮೇಲೆ. ತಂತಿ ಬದಲಾಗುವಾಗ ಪಿಕ್ ಎಷ್ಟೋ ಸಲ ನಡುವಿನ ತಂತಿಯನ್ನು ಹಾರಬೇಕು. ಎಡಗೈಯನ್ನು ಗದರುವವರೇ ಹೆಚ್ಚು, ಸೋಲುವುದು ಬಲಗೈ.

ಎಡಗೈ ಬಿಟ್ಟು ತೆರೆದ ತಂತಿಗಳ ಮೇಲೆ 4, 2, 3, 1 ಎಂಬಂಥ ಕ್ರಮ ಹಿಡಿದು ಅಭ್ಯಾಸ ಮಾಡಿ. ನಿಮಿಷಕ್ಕೆ 60 ಬಡಿತ, ಬಡಿತಕ್ಕೆ ನಾಲ್ಕು ಸ್ವರ, ಐದು ನಿಮಿಷ. ಮುಂಗೈ ಬಿಗಿದರೆ 4 ಬಡಿತ ಇಳಿಸಿ, ಬಿಗಿಯದಿದ್ದರೆ ಮಾತ್ರ 4 ಏರಿಸಿ. ಪಿಕ್ಕಿನ ತುದಿ ತಂತಿಯ ಆಚೆ 2 ಮಿಲಿಮೀಟರಿಗಿಂತ ಹೆಚ್ಚು ಇಳಿಯಬಾರದು.

1981ರ ಗಿಟಾರ್ ಹೆಣಿಗೆ ಹೇಗೆ ನಡೆಯುತ್ತದೆ?

ಫ್ರಿಪ್, ಬೆಲ್ಯೂ ಇಬ್ಬರೂ ಒಂದೇ ಸ್ವರಗುಚ್ಛ ಹಿಡಿದು ಹೊರಡುತ್ತಾರೆ, ಒಬ್ಬರು ಕೊನೆಯ ಸ್ವರ ಕೈಬಿಡುತ್ತಾರೆ. ಒಬ್ಬರಿಗೆ 14 ಸ್ವರದ ಆವರ್ತ, ಇನ್ನೊಬ್ಬರಿಗೆ 13 ಎಂದುಕೊಳ್ಳಿ. ಪ್ರತಿ ಸುತ್ತಿಗೆ ಒಂದು ಸ್ವರ ದೂರವಾಗುತ್ತಾ 182 ಸ್ವರಗಳ ಬಳಿಕ ಮತ್ತೆ ಸಮಕ್ಕೆ ಬಂದು ಕೂಡುತ್ತಾರೆ. 'ಫ್ರೇಮ್ ಬೈ ಫ್ರೇಮ್' ಕೇಳಿ. ತಾಳ ಹಾಕಿ ರೂಢಿಯಿದ್ದವರಿಗೆ ಇದು ತಟ್ಟನೆ ಹಿಡಿಸುತ್ತದೆ. ನುಡಿಸುವಾಗ ಎಲ್ಲರೂ ಮಾಡುವ ತಪ್ಪು, ಜೊತೆಗಾರನನ್ನು ಕೇಳುತ್ತಾ ಅವನ ಒತ್ತಿಗೆ ಜಾರುವುದು. ನಿಮ್ಮ ಆವರ್ತದ ಮೊದಲ ಸ್ವರಕ್ಕೆ ಕಾಲು ತಟ್ಟಿ, ಗಿಟಾರಿನಲ್ಲಿ ಮಾತ್ರ ಒತ್ತು ಕೊಡಬೇಡಿ, ಎರಡೂ ಗಿಟಾರಿನ ಸದ್ದಿನ ಮಟ್ಟ ಒಂದೇ ಇರಲಿ. ಒಬ್ಬರದು ಜೋರಾದರೆ ಹೆಣಿಗೆ ಹೋಗಿ ಸೋಲೋ ಆಗುತ್ತದೆ.

ವಿಂಡೋಸ್ ವಿಸ್ಟಾದ ಆರಂಭದ ಸದ್ದು ಅವರದೇ?

ಅದರಲ್ಲಿ ಅವರ ಗಿಟಾರಿದೆ. ನಾಲ್ಕು ಸೆಕೆಂಡಿನಷ್ಟು ಸದ್ದಿಗಾಗಿ ಸ್ಟುಡಿಯೋದಲ್ಲಿ ಗಂಟೆಗಟ್ಟಲೆ ನುಡಿಸಿದರು. ಟಕರ್ ಮಾರ್ಟಿನ್, ಸ್ಟೀವ್ ಬಾಲ್ ಕೂಡ ಪಾಲುದಾರರು.

ಕೇಳಲು ಎಲ್ಲಿಂದ ಶುರುಮಾಡಲಿ?

ಮೊದಲ ಆಲ್ಬಮ್ಮಿನಿಂದ ಬೇಡ. ಅದರ ಗಾಂಭೀರ್ಯ ಕೆಲವರನ್ನು ಓಡಿಸುತ್ತದೆ. 'ರೆಡ್' ಕೇಳಿ, ಹಿಡಿಸಿದರೆ ಹಿಂದಕ್ಕೆ 'ಲಾರ್ಕ್ಸ್ ಟಂಗ್ಸ್ ಇನ್ ಆಸ್ಪಿಕ್', ಹಿಡಿಸದಿದ್ದರೆ ಮುಂದಕ್ಕೆ 'ಡಿಸಿಪ್ಲಿನ್'. ಒಂಟಿ ಫ್ರಿಪ್ ಬೇಕೆಂದರೆ 1979ರ 'ಎಕ್ಸ್‌ಪೋಷರ್', ಬರಿ ಟೇಪ್ ಲೂಪ್ ಬೇಕೆಂದರೆ 1981ರ 'ಲೆಟ್ ದ ಪವರ್ ಫಾಲ್'. ಹಳೆಯ ಸಲಹೆಗಳಲ್ಲಿ ಕಿಂಗ್ ಕ್ರಿಮ್ಸನ್ ಸ್ಟ್ರೀಮಿಂಗ್‌ನಲ್ಲಿ ಸಿಗದು ಎಂದಿರುತ್ತದೆ. 2019ರಲ್ಲಿ ಅದು ಬದಲಾಯಿತು. ಹಕ್ಕುಗಳ ವಿಚಾರದಲ್ಲಿ ಫ್ರಿಪ್ ಬಿಗಿ: 1992ರಲ್ಲಿ ಡೇವಿಡ್ ಸಿಂಗಲ್ಟನ್ ಜೊತೆ ಕಟ್ಟಿದ ಡಿಜಿಎಂ (ಡಿಸಿಪ್ಲಿನ್ ಗ್ಲೋಬಲ್ ಮೊಬೈಲ್) ಎಂಬ ಸಂಗೀತ ಪ್ರಕಟಣ ಸಂಸ್ಥೆಯಲ್ಲಿ ಹಕ್ಕುಸ್ವಾಮ್ಯ ಕಲಾವಿದರ ಬಳಿಯೇ ಉಳಿಯುತ್ತದೆ.

ಈಗ ಅವರ ಭಾಗಗಳನ್ನು ಯಾರಾದರೂ ನುಡಿಸುತ್ತಿದ್ದಾರೆಯೇ?

2024ರಲ್ಲಿ ಬೆಲ್ಯೂ ಮತ್ತು ಲೆವಿನ್ 1980ರ ದಶಕದ ಆ ಸಂಗೀತವನ್ನು ಬೀಟ್ ಎಂಬ ಹೆಸರಿನಲ್ಲಿ ವೇದಿಕೆಗೆ ತಂದರು. ಡ್ರಮ್ಸ್‌ಗೆ ಡ್ಯಾನಿ ಕೇರಿ. ಫ್ರಿಪ್ ಜಾಗದಲ್ಲಿ ಸ್ಟೀವ್ ವೈ, ನಿಂತುಕೊಂಡೇ.